ಎಲಿ ಗಂಟಿನ ಕೆಳಗಿನ ಆಂಪ್ಲಿಫೈಯರ್

ದೋಸ್ತರ, ಕಾರಿನ ಆಂಪ್ಲಿಫೈಯರ್ ರಿಪೇರಿಗೆ ನನ್ನ ಕರೀಬ್ಯಾಡ್ರಿ. ಇವತ್ತಿಂದ ಆ ಧಂದೆ ಬಿಟ್ಟೇನಿ.

ಮುಂಜಾನೆ ಸವಣೂರಿಂದ ಅಕ್ಕಿಆಲೂರು ಸಂತಿಗೆ ಕಾರಿನ ಡಿಕ್ಕಿಯಾಗ ವೀಳ್ಯದೆಲಿ ಗಂಟು ಹಾಕ್ಕೊಂಡು ಹೊಂಟಿದ್ದೆ. ನಾನ ಕೈಯಾರೆ ಕುಂದ್ರಿಸಿದ ಹೊಸ ಆಂಪ್ಲಿಫೈಯರ್ ಕೇಳಸ್ತೇನಿ ಅಂತ ಗೆಳೆಯ ಸಲೀಂನೂ ಹತ್ತಿಸ್ಕೊಂಡೆ. ಊರು ದಾಟೋದ್ರಾಗ ಹಾಡು ಬಂದ್ ಆತು. ಡಿಕ್ಕಿ ತೆಗೆದು ನೋಡಿದ್ರ ಆಂಪ್ಲಿಫೈಯರ್ ಮ್ಯಾಲ ಕೆಂಪು ಲೈಟ್. ಏನರ ಎಡವಟ್ಟಾದ್ರ ಅದು ಹಂಗ ತಾನ ಬಂದ್ ಆಗಿ ಜೀವ ಉಳಿಸ್ಕೊಂತೈತಿ.

"ಅರ್ಥಿಂಗ್ ಸರಿ ಸಿಕ್ಕಿಲ್ಲ" ಅಂದೆ, ಎಲ್ಲಾ ಗೊತ್ತಿದ್ದವರಂಗ. ಮ್ಯಾಲಿದ್ದ ಎಲಿ ಗಂಟು ಎತ್ತಿ, ಅರ್ಥಿಂಗ್ ವೈರ್ ಕೂಡೋ ಕಡೆ ತಗಡಿನ ಬಣ್ಣ ಕೆರೆದು, ವೈರ್ ಬಿಗಿದು, ಆಂಪ್ಲಿಫೈಯರ್ ಒರೆಸಿದೆ. ಹಾಡು ಬಂತು. ಬಿಸಿಲಿಗೆ ಎಲಿ ಬಾಡಬಾರದಂತ ಗಂಟಿಗೆ ಸುತ್ತಿದ ಗೋಣಿಚೀಲಕ್ಕ ಮುಂಜಾನೆ ಹೊಡದಂಗ ಮತ್ತ ನೀರು ಚಿಮುಕಿಸಿ, ಗಂಟು ಆಂಪ್ಲಿಫೈಯರ್ ಮ್ಯಾಲ ಇಟ್ಟು ಹೊಂಟೆ. ಸ್ವಲ್ಪ ದೂರಕ್ಕ ಮತ್ತ ಬಂದ್.

ಈ ಸಲ ಸ್ಪೀಕರ್ ವೈರಿಗೆ ಬೈದೆ. ಮುಂದಿನ ಸಲ ಕಂಪನಿಗೆ ಬೈದೆ. ಪ್ರತಿ ಸಲನೂ ನಾನು ಒರೆಸೋದು, ಹಾಡು ಬರೋದು, ಮತ್ತ ನಾನ ನೀರು ಹೊಡಿಯೋದು.

ಕಡಿಗೆ ಸಲೀಂ ಇಳಿದು ಬಂದು, ಆಂಪ್ಲಿಫೈಯರ್ ಮ್ಯಾಲ ಕೈಯಾಡಿಸಿ ನನ್ನ ಮಾರಿ ಮುಂದ ಹಿಡಿದ. ಕೈಯಿಂದ ನೀರು ತೊಟ್ಟಿಕ್ಕಾಕತ್ತಿತ್ತು.

"ಸಾಹುಕಾರ, ಎಲಿಗೆ ನೀರು ಹೊಡಿ, ಇಲ್ಲಾ ಹಾಡು ಕೇಳು. ಎರಡೂ ಒಂದ ಡಿಕ್ಕಿಯಾಗ ಆಗಂಗಿಲ್ಲ."

ಉಳಿದ ಹಾದಿಗೆ ಎಲಿ ಗಂಟು ಅವನ ತೊಡಿ ಮ್ಯಾಲ. ಹಾಡು ಹಚ್ಚೋ ಧೈರ್ಯ ನನಗ ಬರಲಿಲ್ಲ. ಸಂತ್ಯಾಗ ನೋಡಿದವರೆಲ್ಲಾ ಎಲಿ ಭಾಳ ತಾಜಾ ಅದಾವು ಅಂದ್ರು. ಬಾಡಿದ್ದು ನನ್ನ ಮಾರಿ ಒಂದ.