ಜೀಪಿನ ಟಾಪು ಒಂದು ಗೇಣು ಮೇಲೆ

ಅಕ್ಕ ಜೀಪಿನ ಟಾಪು ಕತ್ತರಿಸಲು ಶುರುಮಾಡಿದ ದಿನವೇ ನನಗೆ ಗೊತ್ತಿತ್ತು, ಆ ಕೆಲಸ ಮುಗಿದರೆ ಅಮ್ಮ ನನ್ನ ಮನೆಯಲ್ಲಿರುವುದಿಲ್ಲ ಎಂದು. ಅದಕ್ಕೇ ಅದು ಮುಗಿಯಬಾರದೆಂದು ಕೈಲಾದದ್ದನ್ನೆಲ್ಲ ಮಾಡಿದೆ. ಮುಚ್ಚಿಡುವುದೇನಿದೆ? ಬೀದಿಗೆಲ್ಲ ಕೇಳಿಸುವಂತೆಯೇ ಮಾಡಿದೆ.

ಬೀದಿಯವರು ಅವಳನ್ನು ಜೀಪಕ್ಕ ಎನ್ನುತ್ತಾರೆ. ಇಬ್ಬರದೂ ಒಂದೇ ಕಾಂಪೌಂಡು. ಮುಂದಿನ ಮನೆ ನಮ್ಮದು, ಹಿಂದಿನ ಎರಡು ಕೋಣೆ ಅವಳದು, ನಡುವಿನ ಅಂಗಳ ಆ ದರಿದ್ರ ಜೀಪಿನದು. ಅವಳ ಗಂಡ ಬಿಟ್ಟು ಹೋಗುವಾಗ ಚಮಚೆ ಸಮೇತ ಎಲ್ಲ ಹೊತ್ತುಕೊಂಡು ಹೋದ. ಜೀಪು ಸ್ಟಾರ್ಟ್ ಆಗಲಿಲ್ಲ, ಅದಕ್ಕೆ ಅದೊಂದು ಉಳಿಯಿತು. ಬೇರೆ ಯಾರಾದರೂ ಅದನ್ನು ಗುಜರಿಗೆ ಹಾಕುತ್ತಿದ್ದರು. ಇವಳು ಅದರ ಕೆಳಗೆ ಚಾಪೆ ಹಾಸಿ ಮಲಗಿದಳು. ಬಿಚ್ಚಿದಳು, ಜೋಡಿಸಿದಳು, ಮಿಕ್ಕ ಬೋಲ್ಟುಗಳನ್ನು ಡಬ್ಬಿಗೆ ಹಾಕಿದಳು. ಜೀಪು ಓಡಿತು! ಅಲ್ಲಿಂದ ಶುರು. ಗುಡ್ಡದ ಮೇಲೆ ಕಟ್ಟಡ ಕಟ್ಟುವವರಿಗೆ, ಲಾರಿ ಹತ್ತದ ದಾರಿಯಲ್ಲಿ, ಕುಡಿಯುವ ನೀರಿನ ಕ್ಯಾನು ಸಾಗಿಸಿ ಬದುಕಿದಳು. ಯಾರ ಗಾಡಿ ಎಲ್ಲಿ ಕೆಟ್ಟು ನಿಂತರೂ ಸ್ಪ್ಯಾನರ್ ಹಿಡಿದು ಓಡುತ್ತಾಳೆ. ತಂಗಿಯ ಮನೆ ಮಿಕ್ಸಿ ಕೆಟ್ಟರೆ ಮಾತ್ರ "ನೋಡೋಣ" ಎನ್ನುತ್ತಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಅಮ್ಮ ಮೊದಲಿನಿಂದ ನನ್ನ ಜೊತೆ. ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಮುರಿದ ಮೇಲೆ ಅವಳಿಗೆ ಗದ್ದದಿಂದ ಸೊಂಟದವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಹಾಕಿದ್ದಾರೆ. ಕೂರಬಹುದು, ಆದರೆ ಬಗ್ಗುವಂತಿಲ್ಲ, ತಲೆ ತಿರುಗಿಸುವಂತಿಲ್ಲ. ಕೈ ಎತ್ತಿದರೂ ಮುಖಕ್ಕೆ ತಲುಪುವುದಿಲ್ಲ. ಮೈ ತೊಳೆದದ್ದು ನಾನು, ತುತ್ತು ಇಟ್ಟದ್ದು ನಾನು, ಮಗ್ಗುಲು ಹೊರಳಿಸಿದ್ದು ನಾನು. ಮಹಾರಾಣಿ ಸಂಜೆ ಬಂದು ಗ್ರೀಸ್ ಕೈಯಲ್ಲೇ ಹಾಸಿಗೆಯ ತುದಿಯಲ್ಲಿ ಕೂತು ಗುಡ್ಡದ ಸುದ್ದಿ ಹೇಳುವಳು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುವಳು. ಆ ನೀರು ಒರೆಸುವುದೂ ನಾನೇ.

ಗುಡ್ಡದ ಮೇಲೆ ಸಸಿ ಬೆಳೆಸಿ ಮಾರುವ ತೋಟವೊಂದಿದೆ. ಸಸಿ ಸಾಗಿಸಲು ಅವರು ಅಕ್ಕನನ್ನು ಕರೆದರು, ಇರಲು ಎರಡು ಕೋಣೆಯನ್ನೂ ಕೊಟ್ಟರು. ಒಂದು ಸಂಜೆ ಬಾಗಿಲಲ್ಲೇ ನಿಂತು ಹೇಳಿದಳು, "ಅಮ್ಮನ್ನ ಕರ್ಕೊಂಡು ಹೋಗ್ತೀನಿ."

"ಯಾವುದರಲ್ಲಿ? ಬಗ್ಗೋಕಾಗದೋಳನ್ನ ಆ ಡಬ್ಬದೊಳಗೆ ತುರುಕ್ತೀಯಾ?"

"ಡಬ್ಬ ಎತ್ತರ ಮಾಡ್ತೀನಿ. ಕುರ್ಚಿ ಸಮೇತ ಕೂರಿಸ್ತೀನಿ. ಕೆಳಗೆ ಟ್ಯೂಬು, ಸ್ಪಂಜು ಎಲ್ಲ ಹಾಕ್ತೀನಿ. ಡಾಕ್ಟರನ್ನ ಕೇಳಿದೀನಿ, ಆಗುತ್ತೆ ಅಂದ್ರು."

ಕೇಳಿಯೂ ಆಗಿದೆ! ನಾನು ಅಮ್ಮನ ಕಡೆ ತಿರುಗಿದೆ. "ಹೇಳಮ್ಮ, ನಾನೇನು ಕಮ್ಮಿ ಮಾಡಿದೆ?"

"ಕಮ್ಮಿ ಏನೂ ಇಲ್ಲ ಕಣೆ," ಎಂದಳು ಅಮ್ಮ. "ಆದ್ರೆ ಬಿದ್ದಾಗಿಂದ ನಿಮ್ಮನೆ ಫ್ಯಾನ್ ನೋಡ್ತಾ ಇದೀನಿ. ಸಾಯೋದ್ರೊಳಗೆ ಬೇರೆ ಏನಾದ್ರೂ ನೋಡ್ಬೇಕು."

ಫ್ಯಾನಂತೆ! ಅಮ್ಮನಿಗೆ ಸೆಕೆ ಎಂದೇ ಹಾಕಿಸಿದ ಹೊಸ ಫ್ಯಾನು ಅದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನಮ್ಮಮ್ಮನಿಗೆ ಇರುವ ಇಬ್ಬರಲ್ಲಿ ಹೆಗ್ಗಣವೇ ಮುದ್ದು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಕ್ಕನ ಲೆಕ್ಕ ಇಷ್ಟು: ಟಾಪನ್ನು ಕಿಟಕಿಯ ಮಟ್ಟದಲ್ಲಿ ಸುತ್ತಲೂ ಕತ್ತರಿಸುವುದು, ಮೇಲಿನ ಭಾಗವನ್ನು ಒಂದು ಗೇಣು ಎತ್ತುವುದು, ನಡುವಿನ ಸಂದಿಗೆ ತಗಡು ಕೂಡಿಸುವುದು, ಅಮ್ಮನ ಕಣ್ಣಿನ ಎತ್ತರಕ್ಕೆ ಹಳೆ ಬಸ್ಸಿನ ಗಾಜು ಹಾಕುವುದು. ನಮ್ಮ ಗೇಟಿನ ಕಂಬಗಳು ವಾಲಬಾರದೆಂದು ನಮ್ಮೆಜಮಾನರು ಮೇಲೊಂದು ಕಾಂಕ್ರೀಟ್ ತೊಲೆ ಹಾಕಿಸಿದ್ದಾರೆ. ನೀರು ಸಾಗಿಸುವ ಕೊನೆಯ ದಿನ ಅಕ್ಕ ಆ ತೊಲೆಯ ಕೆಳಗೆ ಜೀಪು ನಿಲ್ಲಿಸಿ ಕೈಯಿಟ್ಟು ಅಳೆದಳು. ಹಳೆ ಟಾಪಿಗೂ ತೊಲೆಗೂ ನಡುವೆ ಒಂದು ಗೇಣು, ಮೇಲೆರಡು ಬೆರಳು. "ಸಾಕು," ಎಂದುಕೊಂಡಳು.

ಗ್ರೈಂಡರ್ ಶುರುವಾಯಿತು. ಕಿಡಿ ಹಾರಿ ಒಣಗಲು ಹಾಕಿದ್ದ ನನ್ನ ಹೊದಿಕೆ ಜರಡಿಯಾಯಿತು. ಕತ್ತರಿಸಿದ ಟಾಪನ್ನು ಅಂಗಳದ ಮರದ ಕೊಂಬೆಗೆ ಹಗ್ಗದಿಂದ ನೇತುಹಾಕಿದಳು. ಅಡುಗೆಮನೆಯ ಕಿಟಕಿ ತೆಗೆದರೆ ಅದೇ ದರ್ಶನ. ವೆಲ್ಡಿಂಗ್ ಹಚ್ಚಿದರೆ ನಮ್ಮ ಲೈಟು ಮಂಕಾಗುತ್ತಿತ್ತು, ಮಿಕ್ಸಿ ಗೊರಗೊರ ಎನ್ನುತ್ತಿತ್ತು. ಕರೆಂಟು ನಮ್ಮ ಮೀಟರಿನದು ಬೇರೆ! ನಾನು ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅಕ್ಕ ಕಿಟಕಿಗೆ ಬಂದಳು. "ಫ್ಯೂಸ್ ಹಾಕು."

"ಹಾಕಲ್ಲ. ಏನು ಮಾಡ್ತೀಯೋ ಮಾಡ್ಕೋ."

"ಅಮ್ಮನ ಫ್ಯಾನೂ ನಿಂತಿದೆ."

"ನಿಲ್ಲಲಿ. ಅದನ್ನ ನೋಡಿ ನೋಡಿ ಬೇಜಾರಾಗಿದೆಯಂತಲ್ಲ!"

ಒಳಗಿನಿಂದ ಅಮ್ಮನ ಕೂಗು ಬಂತು. "ನಿಮ್ಮ ಜಗಳ ಹಾಳಾಗ್ಲಿ, ಸೆಕೆಗೆ ಬೆಂದು ಹೋಗ್ತಿದೀನಿ ಕಣ್ರೇ!"

ಫ್ಯೂಸ್ ಹಾಕಲೇಬೇಕಾಯಿತು. ಆದರೆ ಬಿಡಲಿಲ್ಲ, ಅಂಗಳದ ಪ್ಲಗ್ಗಿನ ವೈರನ್ನೇ ಕಿತ್ತೆಸೆದೆ. ಅವಳಾದರೂ ಬಿಟ್ಟಳೇ? ಗರಗಸ, ಕೈಯಲ್ಲಿ ತಿರುಗಿಸುವ ಡ್ರಿಲ್, ರಿವೆಟ್ ಇಟ್ಟುಕೊಂಡು ಕೂತಳು. ಅಂಗೈ ಬೊಬ್ಬೆ ಎದ್ದರೆ ಬಟ್ಟೆ ಸುತ್ತಿಕೊಂಡು ಮತ್ತೆ ಕೂತಳು. ನಾನು ಅಂಗಡಿಗೆ ಹೋದಾಗಲೆಲ್ಲ ನಮ್ಮೆಜಮಾನರು ಅವಳಿಗೆ ತಗಡು ಹಿಡಿದು ನಿಲ್ಲುತ್ತಿದ್ದರು ಎಂದು ಆಮೇಲೆ ತಿಳಿಯಿತು. ಅವರಿಗೆ ಎರಡು ದಿನ ನಾನು ಮಾತಾಡದೆಯೇ ಬಡಿಸಿದೆ.

ಟಾಪು ಕೂತ ಮೇಲೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ವರ್ಷಗಟ್ಟಲೆ ಕಿಟಕಿಯಿಂದ ಆ ಜೀಪನ್ನು ನೋಡಿ ಹಲ್ಲು ಕಡಿದವಳು ನಾನು. ಕ್ಯಾನು ತುಂಬಿದ್ದಾಗ ಅದರ ಮೇಲಿಂದ ಪಕ್ಕದವರ ನಲ್ಲಿ ಕಾಣುತ್ತಿತ್ತು. ಕ್ಯಾನು ಇಳಿಸಿದರೆ ಕಾಣುತ್ತಿರಲಿಲ್ಲ. ಭಾರ ಇಳಿದರೆ ಸ್ಪ್ರಿಂಗ್ ಎದ್ದು ಜೀಪು ನಾಲ್ಕು ಬೆರಳು ಮೇಲೇಳುತ್ತದೆ. ಇವಳು ಅಳೆದದ್ದು ಕ್ಯಾನು ತುಂಬಿದ ಜೀಪನ್ನು. ಈಗ ಕ್ಯಾನುಗಳೆಲ್ಲ ಬೇರೆಯವರ ಪಾಲಾಗಿವೆ.

ಕಿಟಕಿಯಿಂದಲೇ ಕೂಗಿದೆ, "ಲೇ, ಖಾಲಿ ಜೀಪು ಎದ್ದು ನಿಲ್ಲುತ್ತೆ. ನಿನ್ನ ಟಾಪು ತೊಲೆಗೆ ಹೊಡಿಯುತ್ತೆ, ನೋಡ್ತಿರು!"

ಅವಳು ತಲೆಯನ್ನೂ ಎತ್ತಲಿಲ್ಲ. "ಬೆಳಗಾದ್ರೆ ನಿನ್ನ ಶಾಪ ಇದ್ದಿದ್ದೇ. ಹೊಟ್ಟೆಕಿಚ್ಚಿಗೆ ಅಳತೆ ಬೇರೆ ಕೇಡು."

ಸತ್ಯ ಹೇಳಿದರೂ ಶಾಪವಂತೆ. ಸರಿ, ಮಾಡಿದ್ದುಣ್ಣೋ ಮಹರಾಯ ಎಂದು ಕಿಟಕಿ ಹಾಕಿಕೊಂಡೆ.

ಹೊರಡುವ ದಿನ ಅಕ್ಕ, ನಮ್ಮೆಜಮಾನರು, ಎದುರುಮನೆಯ ಟೈಲರ್ ಮೂವರೂ ಸೇರಿ ಅಮ್ಮನನ್ನು ಕುರ್ಚಿ ಸಮೇತ ಎತ್ತಿ ಹಿಂದಿನ ಬಾಗಿಲಿಂದ ಒಳಗೆ ತಳ್ಳಿದರು. ಅಮ್ಮನ ತಲೆಗೂ ಟಾಪಿಗೂ ನಡುವೆ ಅಂಗೈಯಷ್ಟು ಜಾಗ ಉಳಿಯಿತು. ಕುರ್ಚಿಯನ್ನು ಹಿಂದು ಹಿಂದಾಗಿ ತಳ್ಳಿದ್ದರಿಂದ ಅವಳ ಮುಖ ಮನೆಯ ಕಡೆಗಿತ್ತು, ಅಂದರೆ ನನ್ನ ಕಡೆಗೆ. ಬೆನ್ನು ತೋರಿಸಿ ಹೋಗಿದ್ದರೆ ಬೈದುಕೊಳ್ಳಲು ಸುಲಭವಾಗುತ್ತಿತ್ತು.

ಜೀಪು ಹೊರಟಿತು. ಗೇಟಿನಲ್ಲಿ ಕರ್ ಎಂದು ನಿಂತಿತು.

"ಹೇಳಿದ್ನೋ ಇಲ್ವೋ?" ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಯಾವ ಮಾತನ್ನೂ ಆಡಿಲ್ಲ.

ಅಕ್ಕ ಇಳಿದು ತೊಲೆ ನೋಡಿದಳು. ನಾಲ್ಕೂ ಚಕ್ರದ ಗಾಳಿ ಬಿಟ್ಟಳು. ಸಾಲಲಿಲ್ಲ. ಟೈಲರ್ ಹತ್ತಿ ಕೂತ, ನಮ್ಮೆಜಮಾನರು ಹತ್ತಿ ಕೂತರು. ಇಬ್ಬರೂ ಕಡ್ಡಿ ಪೈಲ್ವಾನರು. ಇನ್ನೂ ಅರ್ಧ ಬೆರಳು ತಗಲುತ್ತಿತ್ತು. ಅಕ್ಕ ಹೋಗಿ ದೊಡ್ಡ ಸುತ್ತಿಗೆ ತಂದಳು.

"ತೊಲೆಗೆ ಕೈ ಹಚ್ಚಿ ನೋಡು, ಆಮೇಲೆ ಇದೆ ನಿನಗೆ," ಎಂದು ಅಡ್ಡ ನಿಂತೆ.

"ಹಾಗಾದ್ರೆ ನೀನು ಹತ್ತು."

ಎಲ್ಲರೂ ನನ್ನನ್ನೇ ನೋಡಿದರು. ನಾನು ಗಟ್ಟಿ ಆಳು, ಬೀದಿಗೆಲ್ಲ ಗೊತ್ತು. ನಾನು ಹತ್ತಿದರೆ ಜೀಪು ಹೋಗುತ್ತದೆ, ಹತ್ತದಿದ್ದರೆ ಅಮ್ಮ ಉಳಿಯುತ್ತಾಳೆ. ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸತ್ತರೂ ಹತ್ತಲ್ಲ," ಎಂದೆ.

ಬಿಸಿಲಿಗೆ ತಗಡು ಕಾಯುತ್ತಿತ್ತು. ಅಮ್ಮನ ಹಣೆಯಲ್ಲಿ ಬೆವರು ಒಡೆದು ಹುಬ್ಬಿಗೆ ಇಳಿಯಿತು, ಹುಬ್ಬಿನಿಂದ ಕಣ್ಣಿಗೆ. ಅವಳು ಕಣ್ಣು ಕಿವುಚಿದಳು. ಕೈ ಎತ್ತಿದಳು; ಕವಚಕ್ಕೆ ತಗಲಿ ಕೈ ಅಲ್ಲೇ ನಿಂತಿತು. ಅವಳೇನೂ ಕೇಳಲಿಲ್ಲ, ಕರೆಯಲಿಲ್ಲ. ಉಳಿದವರಿಗೆ ಅದು ಕಾಣಿಸಲೂ ಇಲ್ಲ, ಮುಂಡೇವುಗಳು, ಎಲ್ಲರ ಕಣ್ಣೂ ತೊಲೆಯ ಮೇಲೆ.

ನಾನು ಹಿಂದಿನಿಂದ ಹತ್ತಿ ಮಂಡಿಯೂರಿ ಸೆರಗಿನಿಂದ ಅವಳ ಕಣ್ಣು ಒರೆಸಿದೆ. ಜೀಪು ನನ್ನ ಕೆಳಗೆ ಮೆಲ್ಲಗೆ ಕುಸಿಯಿತು. ಅಕ್ಕ ಯಾವಾಗ ಸ್ಟೇರಿಂಗ್ ಹಿಡಿದಳೋ, ಕ್ಲಚ್ ಬಿಟ್ಟೇಬಿಟ್ಟಳು.

"ನಿಲ್ಸೇ! ನಿಲ್ಸೇ, ಮನೆಹಾಳಿ!" ಎಂದು ಕಿರುಚಿದೆ. ತೊಲೆ ನಮ್ಮ ತಲೆಯ ಮೇಲೆ ಹಾದುಹೋಯಿತು, ಎಲ್ಲೂ ತಗಲದೆ. ಅಮ್ಮ ಪಕ್ಕದ ಗಾಜಿನತ್ತ ಕಣ್ಣು ಹೊರಳಿಸಿ, "ಅಯ್ಯೋ, ಎಷ್ಟು ಬೆಳಕೇ," ಎಂದಳು. ನನಗೆ ಅಳು ಬಂತು. ಅಳುವಾಗಲೂ ಬೈಯುವುದನ್ನು ನಿಲ್ಲಿಸಲಿಲ್ಲ.

ರಸ್ತೆಯಲ್ಲಿ ಅಮ್ಮನನ್ನು ಬಿಟ್ಟು ಎಲ್ಲರೂ ಇಳಿದೆವು. ಜೀಪು ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು. ಅಕ್ಕ ಪಂಪು ತುಳಿಯುತ್ತ, ನನ್ನ ಮುಖ ನೋಡದೆ ಹೇಳಿದಳು, "ಅಮ್ಮನ್ನ ಡಾಕ್ಟರಿಗೆ ತೋರಿಸೋಕೆ ಕರ್ಕೊಂಡು ಬರೋದ್ರೊಳಗೆ ಆ ತೊಲೆ ಒಡೆಸಿಡು."

"ಒಡೆಸಲ್ಲ."

"ಮತ್ತೆ ಒಳಗೆ ಹೇಗೆ ತರ್ಲಿ?"

"ಗೇಟಲ್ಲಿ ನಿಂತು ಹಾರ್ನ್ ಹೊಡಿ. ನಾನೇ ಬಂದು ಕೂರ್ತೀನಿ."

ಅವಳ ಕಾಲು ಪಂಪಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ತುಳಿದಳು. ಜೀಪು ಹೋಗುವಾಗ ಹಿಂದಿನ ಗಾಜಿನಲ್ಲಿ ಅಮ್ಮನ ಮುಖ ಕಾಣುತ್ತಿತ್ತು. ತಲೆ ತಿರುಗಿಸಲಾಗದಿದ್ದರಿಂದ ತಿರುವಿನವರೆಗೂ ನನ್ನನ್ನೇ ನೋಡಿದಳು.

ಮೊನ್ನೆ ನಮ್ಮೆಜಮಾನರು, ತೊಲೆಯ ಅಂಚು ಸ್ವಲ್ಪ ಕಿತ್ತಿದೆ, ಹೇಗೂ ಗಾರೆಯವನು ಬರುತ್ತಾನೆ, ಒಂದೇ ಸಲಕ್ಕೆ ತೆಗೆಸಿಬಿಡಲೇ ಎಂದು ಕೇಳಿದರು. ತೊಲೆ ಮುಟ್ಟಿದರೆ ಅವನ ಕೈಯನ್ನೂ ನಿಮ್ಮ ಕೈಯನ್ನೂ ಮುರಿಯುತ್ತೇನೆ ಎಂದೆ.