ಬೇಲಿಯಂಚಿನ ಡೇರೆ ಸಾಲು

ಭಾವಿಕೇರಿಯಲ್ಲಿ ನಮ್ಮ ಮನೆಯ ಪಕ್ಕದ ಗದ್ದೆಯಲ್ಲಿ ಡೇರೆ ಹೂ ಬೆಳೆದು, ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಒಯ್ಯುತ್ತಿದ್ದ ಅಕ್ಕ ಒಬ್ಬರಿದ್ದರು. ಮಳೆ ಬಿದ್ದ ಬೆಳಿಗ್ಗೆ ಅವರು ಬಂದ ಕೂಡಲೇ ಕತ್ತಿ ಹಿಡಿಯುತ್ತಿರಲಿಲ್ಲ. ಒಂದೊಂದೇ ಹೂವನ್ನು ಮಗುವಿನ ಗಲ್ಲದಂತೆ ಹಿಡಿದು, ಮೆಲ್ಲಗೆ ಅಲುಗಿಸಿ, ಎಸಳಿನೊಳಗಿನ ನೀರು ಇಳಿಸುತ್ತಿದ್ದರು. "ನೀರು ಕುಂತ್ರೆ ಕುತ್ಗೆ ಮುರೀತದೆ ತಂಗಿ" ಎನ್ನುವುದು ಅವರ ದಿನದ ಮಾತು. ಹಾಗೆನ್ನುತ್ತ ಇನ್ನೊಂದು ಕೈಯನ್ನು ತಮ್ಮ ಸೊಂಟಕ್ಕೆ ಒತ್ತಿಕೊಳ್ಳುತ್ತಿದ್ದರು.

ಚೌತಿಯ ಹಿಂದಿನ ದಿನ ಗಾಳಿಗೆ ಕರೆಂಟಿನ ತಂತಿ ಹರಿದು ಅವರ ತಂತಿಬೇಲಿಯ ಮೇಲೆ ಬಿದ್ದಿತ್ತು. ಅಂಗಳದಿಂದ ನಾನದನ್ನು ಕಂಡಾಗ ಅಕ್ಕ ಬೇಲಿಯಂಚಿನ ಸಾಲಿಗೆ ಬಂದಾಗಿತ್ತು. ಬೇಲಿಗೆ ಒರಗಿದ್ದ ಒದ್ದೆ ಹೂವೊಂದಕ್ಕೆ ಕೈ ಚಾಚುತ್ತಿದ್ದರು.

"ಅಕ್ಕಾ, ಮುಟ್ಬೇಡಿ! ಬೇಲಿಗೆ ಕರೆಂಟು!"

ಕೈ ಗಾಳಿಯಲ್ಲೇ ನಿಂತಿತು. ಆ ಕೈ ನನಗೆ ಈಗಲೂ ಕಾಣುತ್ತದೆ. ಕೆಲವೊಮ್ಮೆ ಕನಸಿನಲ್ಲಿ ಅದು ನಿಲ್ಲುವುದಿಲ್ಲ.

"ಎಂಥಾ ಕೂಗೇ ನಿಂದು, ಎದೆ ಒಡೀತು" ಎಂದು ತಿರುಗಿದವರು ಬಿದ್ದ ತಂತಿಯನ್ನು ನೋಡಿದರು. ಹಿಂದೆ ಹಿಂದೆ ಸರಿದು, ನಮ್ಮ ಅಂಗಳದ ಕಡೆಯ ಬದುವಿನ ಮೇಲೆ ಕುಸಿದು ಕುಳಿತರು.

ಲೈನ್‌ಮನ್ ಬಂದು ಕರೆಂಟು ತೆಗೆಯುವಷ್ಟರಲ್ಲಿ ಮತ್ತೆ ಮಳೆ ಸುರಿಯಿತು. ಯಾರೂ ಹತ್ತಿರ ಹೋಗಲಾಗದ ಆ ಸಾಲಿನ ಹೂಗಳೆಲ್ಲ ನಮ್ಮ ಕಣ್ಣೆದುರೇ ಬಾಗಿ ಮುರಿದವು.

"ಚೌತಿಗೇ ಅಂತ ಇಟ್ಟ ಸಾಲಾಗಿತ್ತು" ಎಂದಷ್ಟೇ ಹೇಳಿದ ಅಕ್ಕ, ಏಳಲೆಂದು ನನ್ನತ್ತ ಕೈ ನೀಡಿದರು. ನನಗೇ ಗೊತ್ತಿಲ್ಲದೆ ನಾನು ಹಿಂದೆ ಸರಿದೆ.

"ಕರೆಂಟು ನನ್ನೊಳಗೆ ಹೊಕ್ಲಿಲ್ಲ ಮಾರಾಯ್ತಿ, ಎಬ್ಸು. ಉಳ್ದದ್ದಾದ್ರೂ ಕೊಯ್ಬೇಕು."