ಬಂದ್ಬುಡು ಕರಿಯಾ

ಇಂಥ ಕತೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದವರನ್ನು, ಸೀರೆಯ ಅಂಚು ಯಾವ ಬಣ್ಣದ್ದು ಎಂದು ಕೇಳಿ ಪೇಚಿಗೆ ಸಿಕ್ಕಿಸುತ್ತಿದ್ದೆ. ಭೂಮಿಯೊಳಗಿನ ಅದುರು ಕೇಳಿಸಿಕೊಳ್ಳುವುದು ನನ್ನ ಕಸುಬು. ಅದುರು ಇದ್ದರೆ ಅದಕ್ಕೊಂದು ಕಾರಣ ಇರಲೇಬೇಕು ಎಂಬ ನಂಬಿಕೆಯ ಮೇಲೆಯೇ ಸಂಬಳ ತೆಗೆದುಕೊಳ್ಳುವವನು. ಈಗಲೂ ಹಾಗೆಯೇ ಇದ್ದೇನೆ, ಒಂದು ಬೆಳಗನ್ನು ಬಿಟ್ಟು.

ಕೆಲವು ವರ್ಷಗಳ ಹಿಂದಿನ ಮಾತು. ಸಮುದ್ರದ ತಳದ ಕೆಸರಿನಲ್ಲಿ ಗ್ಯಾಸ್ ಹೈಡ್ರೇಟ್ ಎಂಬ ವಸ್ತು ಹುದುಗಿರುತ್ತದೆ. ನೋಡಲು ಮಂಜುಗಡ್ಡೆ. ಆದರೆ ಒಳಗೆ ಅನಿಲ ಸಿಕ್ಕಿಕೊಂಡಿರುವುದರಿಂದ ಕಡ್ಡಿ ಗೀರಿ ಹಿಡಿದರೆ ಉರಿಯುತ್ತದೆ. ಅದು ಎಲ್ಲಿದೆ, ಎಷ್ಟು ದಪ್ಪಕ್ಕಿದೆ ಎಂದು ತಿಳಿಯಲು ಆಪ್ಟಿಕಲ್ ಫೈಬರ್ ಕೇಬಲ್ಲನ್ನು ಕಡಲ ತಳಕ್ಕೆ ಇಳಿಸಿ, ಮೇಲಿನಿಂದ ಸದ್ದಿನ ಅಲೆ ಕಳಿಸಿ, ಅದು ನೆಲದೊಳಕ್ಕೆ ಹೋಗಿ ವಾಪಸು ಬರುವುದನ್ನು ಹಿಡಿಯುವುದು ನಮ್ಮ ಕೆಲಸ. ಫೈಬರ್ ಎಂದರೆ ನಿಮ್ಮ ಮನೆಗೆ ಇಂಟರ್ನೆಟ್ ತರುವ ಅದೇ ಗಾಜಿನ ಎಳೆ. ಒಂದು ತುದಿಯಿಂದ ಲೇಸರ್ ಬಿಟ್ಟರೆ, ಆ ಎಳೆಯ ಉದ್ದಕ್ಕೂ ಎಲ್ಲಿ ನೆಲ ಅದುರಿದರೂ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ.

ಕಡಲಿಗೆ ಹೊರಡುವ ಮುಂಚೆ ಯಂತ್ರವನ್ನು ನೆಲದ ಮೇಲೆ ಪರೀಕ್ಷಿಸಬೇಕಿತ್ತು. ಮೊದಲು ಪಾಂಡವಪುರದ ರಸ್ತೆಬದಿಯ ಕೇಬಲ್ಲಿಗೆ ಜೋಡಿಸಿದೆವು. ಕಬ್ಬು ಹೊತ್ತ ಟ್ರಾಕ್ಟರುಗಳು ಪರದೆಯನ್ನೆಲ್ಲ ಗೀಚಿಹಾಕಿದವು. ನಮಗೆ ಕಡಲ ತಳದಂಥ ಸದ್ದಿಲ್ಲದ ಜಾಗ ಬೇಕಿತ್ತು. ನಮ್ಮೂರಿದೆಯಲ್ಲ ಎಂದೆ. ಹೀಗೆ ಯಂತ್ರ ನಾಗಮಂಗಲ ದಾಟಿ, ಬಿಂಡಿಗನವಿಲೆಯ ಆಚೆಗಿರುವ ನಮ್ಮೂರಿಗೆ ಬಂದು, ಸಾಕಮ್ಮತ್ತೆಯ ಮನೆಯ ಪಡಸಾಲೆಯಲ್ಲಿ ಕೂತಿತು. ಊರಿಗೆ ಬಂದಿದ್ದ ಇಂಟರ್ನೆಟ್ ಕೇಬಲ್ಲಿನಲ್ಲಿ ಖಾಲಿ ಉಳಿದಿದ್ದ ಒಂದು ಎಳೆ ನಮಗೆ ಸಿಕ್ಕಿತ್ತು.

ಸಾಕಮ್ಮತ್ತೆ ನನ್ನ ತಂದೆಯ ಅಕ್ಕ. ಅವಳನ್ನು ಊರೊಳಗೇ ಕೊಟ್ಟಿದ್ದರಿಂದ ಹುಟ್ಟಿದ ಮನೆಯ ಹೊಲಗದ್ದೆ ಅವಳ ಕಣ್ಣಳತೆ ಬಿಟ್ಟು ಎಂದೂ ದೂರವಾಗಿರಲಿಲ್ಲ. ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಆದರೆ ಬಾಯಿ ಚುರುಕು. ಲಕ್ಷಾಂತರ ಬೆಲೆಯ ನಮ್ಮ ಯಂತ್ರದ ಮೇಲೆ ದೂಳು ಕೂರುತ್ತದೆಂದು ತನ್ನ ಹಳೇ ಸೀರೆ ಹೊದಿಸಿ, "ಸಮುದ್ರದಲ್ಲಿರೋದ್ನ ಹುಡ್ಕಕ್ಕೆ ಇಲ್ಲೀಗಂಟ ಬಂದ್ಬುಟ್ಟಿದ್ದೀಯಲ್ಲಾ, ನೀನು ಓದಿದ್ದು ಸಾರ್ಥಕ ಆಯ್ತು ಬುಡು" ಎಂದಳು.

ನಮ್ಮ ತಂಡದ ಮುಖ್ಯಸ್ಥೆ ಶ್ರೀರಂಗಪಟ್ಟಣದಲ್ಲಿ ರೈಲು ಹಳಿಯ ಪಕ್ಕದ ಮನೆಯಲ್ಲಿ ಬೆಳೆದವರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರದೊಂದು ಪದ್ಧತಿ ಇತ್ತು. ಪರದೆಯ ಮೇಲೆ ಯಾವ ಗೆರೆ ಬಂದರೂ ಎರಡು ಪ್ರಶ್ನೆ ಕೇಳುವರು: ಏನು? ಯಾರದು? ಬರೀ ಪಂಪ್‌ಸೆಟ್ಟು ಎಂದರೆ ಸಾಲದು, ಯಾರ ಹೊಲದ್ದು ಎಂದೂ ಹೇಳಬೇಕು. ಒಂದೇ ಒಂದು ಗೆರೆಗೆ ಉತ್ತರ ಸಿಗದೆ ಹೋದರೂ ಯಂತ್ರ ಹಡಗು ಹತ್ತುವುದಿಲ್ಲ ಎಂದಿದ್ದರು. ಇಲ್ಲದ್ದನ್ನು ಇದೆ ಎನ್ನುವ ಯಂತ್ರವನ್ನು ಕಡಲಲ್ಲಿ ನಂಬುವುದು ಹೇಗೆ? ಅವರ ಮಾತು ನ್ಯಾಯವಾದದ್ದೇ. ಆದರೆ ಆ ಪೆಟ್ಟಿಗೆಯೊಳಗೆ ನನ್ನ ಪ್ರಾಯದ ಒಳ್ಳೆಯ ವರ್ಷಗಳೆಲ್ಲ ಹೋಗಿದ್ದವು.

ನಾಗಮಂಗಲದ ಬಸ್ಸು, ಹಾಲಿನ ವ್ಯಾನು, ಕುರಿಮಂದೆ, ಎಲ್ಲಕ್ಕೂ ಹೆಸರು ಸಿಕ್ಕಿತು. ಒಂದಕ್ಕೆ ಮಾತ್ರ ಸಿಗಲಿಲ್ಲ. ದಿನಾ ಬೆಳಗ್ಗೆ, ಊರಾಚೆ ಒಂದೇ ಜಾಗದಲ್ಲಿ, ಭಾರದ ಹೆಜ್ಜೆಗಳು ಶುರುವಾಗುತ್ತಿದ್ದವು. ನಿಧಾನವಾಗಿ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತಿದ್ದವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮಾರನೆಯ ದಿನ ಮತ್ತೆ ಮೊದಲಿನ ಜಾಗದಿಂದಲೇ ಹೊರಟು, ಅಲ್ಲಿಗೇ ಹೋಗಿ ನಿಲ್ಲುತ್ತಿದ್ದವು.

"ಹೋಗಿದ್ದು ವಾಪಸ್ ಬರಲೇಬೇಕಲ್ರೀ" ಎಂದರು ಮೇಡಂ. ಕೊನೆಯ ದಿನ ಬೆಳಗ್ಗೆ ಫೋನು ಕಿವಿಗಿಟ್ಟುಕೊಂಡು ನಾನೇ ಹೆಜ್ಜೆಗಳು ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ನಿಂತೆ. ರಾಗಿ ಕೊಯ್ದ ಹೊಲ, ಎಳೆ ಬಿಸಿಲು, ಸುತ್ತ ಒಂದು ನರಪಿಳ್ಳೆಯೂ ಇಲ್ಲ.

"ಶುರುವಾಯ್ತು. ನಿಮ್ಮ ಕಡೆಗೇ ಬರ್ತಿದೆ" ಎಂದರು ಮನೆಯಲ್ಲಿ ಪರದೆಯ ಮುಂದೆ ಕೂತಿದ್ದ ಮೇಡಂ. ನಾನು ನೆಲಕ್ಕೊಮ್ಮೆ ಜೋರಾಗಿ ಕಾಲು ಅಪ್ಪಳಿಸಿದೆ.

"ಅದು ನೀವು, ಗೊತ್ತಾಯ್ತು. ಪಕ್ಕದಲ್ಲಿರೋದು ಬೇರೆ. ಈಗ ನಿಂತ್ಕೊಂಡಿದೆ. ನಿಮ್ಮ ಪಕ್ಕದಲ್ಲೇ ಇದೆ."

ಪಕ್ಕಕ್ಕೆ ತಿರುಗಿ ನೋಡಿದೆ. ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆಗಲೇ ನಾನು ನಿಂತ ಜಾಗ ಯಾವುದೆಂದು ಹೊಳೆದದ್ದು. ಅಲ್ಲಿ ನಮ್ಮ ತಾತನ ಕಪಿಲೆ ಬಾವಿ ಇತ್ತು. ಎತ್ತುಗಳು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ಕೆಳಗಿಳಿದರೆ, ಬಾವಿಯಿಂದ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ನೀರು ಕಾಲುವೆಗೆ ಸುರಿದ ಮೇಲೆ ಎತ್ತುಗಳು ಹಿಮ್ಮೆಟ್ಟಿಕೊಂಡು ಇಳಿಜಾರು ಹತ್ತಬೇಕು. ನಾನು ಹುಟ್ಟುವಷ್ಟರಲ್ಲಿ ಕಪಿಲೆ ನಿಂತುಹೋಗಿತ್ತು. ಆದರೆ ಇಳಿಜಾರು ಉಳಿದಿತ್ತು. ತೆಂಗಿನ ಗರಿಯ ಮೇಲೆ ಕೂತು ಅದರಲ್ಲಿ ಜಾರಿ, ಚಡ್ಡಿ ಹರಿದುಕೊಂಡು ಮನೆಗೆ ಹೋಗಿ ಬೈಸಿಕೊಂಡ ಆ ಸಂಜೆಗಳು ಈಗಲೂ ನನ್ನನ್ನು ಹಿಡಿದು ಎಳೆಯುತ್ತವೆ. ಆಮೇಲೆ ಬಾವಿಯನ್ನೂ ಇಳಿಜಾರನ್ನೂ ಮುಚ್ಚಿ ಉತ್ತುಬಿಟ್ಟರು. ಅದರ ಮೇಲೆಯೇ ಕೇಬಲ್ಲು ಹಾದುಹೋಗಿತ್ತು.

ಮನೆಗೆ ಬಂದೆ. ಇವತ್ತು ಒಂದೇ ಸಲಕ್ಕೆ ಮುಗಿದಿಲ್ಲ, ಹೆಜ್ಜೆಗಳು ಮತ್ತೆ ಮತ್ತೆ ಶುರುವಾಗಿ ನಿಲ್ಲುತ್ತಲೇ ಇವೆ ಎಂದರು ಮೇಡಂ. ಆ ಅದುರು ಕಿವಿಗೆ ಕೇಳಿಸುವಂಥದ್ದಲ್ಲ, ಅಷ್ಟು ನಿಧಾನದ್ದು. ಅದಕ್ಕೇ ಒಂದು ಸ್ಪೀಕರಿಗೆ ಕೊಟ್ಟು ಅಂಗೈಯಿಂದ ಮುಟ್ಟಿ ನೋಡುತ್ತಿದ್ದರು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, "ಅದೇನವ್ವ ಮುಟ್ಟಿ ಮುಟ್ಟಿ ನೋಡ್ತೀರಿ?" ಎನ್ನುತ್ತ ತಾನೂ ಅಂಗೈ ಇಟ್ಟಳು. ನಾವು ಅವಳಿಗೆ ಏನನ್ನೂ ಹೇಳಿರಲಿಲ್ಲ.

ಇಟ್ಟ ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದಳು. "ಕರಿಯ ಕಣ್ಲಾ" ಎಂದಳು.

"ಯಾವ ಕರಿಯ ಅತ್ತೆ?"

"ನಮ್ಮ ಕಪಿಲೆ ಎತ್ತು ಕಣ್ಲಾ. ನೋಡು, ಇಂಗೆ ಮೂರು ಎಜ್ಜೆ ಗಟ್ಯಾಗಿ ಆಕಿ ಒಂದ್ ಎಜ್ಜೆ ಎಳಿತಾನೆ. ಕುಂಟ್ಗಾಲು."

ಬಾವಿಯ ಬಾಯಲ್ಲಿ ನಿಂತು, ನೀರು ಸುರಿದ ಕೂಡಲೇ ಎತ್ತುಗಳನ್ನು ಹಿಂದಕ್ಕೆ ಕರೆಯುವುದು ಹುಡುಗಿಯಾಗಿದ್ದ ಅತ್ತೆಯ ಕೆಲಸವಾಗಿತ್ತು. ಕರಿಯ ಅವಳು ಕರೆಯದೆ ಹೆಜ್ಜೆ ಎತ್ತುತ್ತಿರಲಿಲ್ಲವಂತೆ. ಅವನು ಬಂದರೆ ಜೊತೆಯ ಎತ್ತೂ ಬರುತ್ತಿತ್ತು. ಇದನ್ನು ಚಿಕ್ಕಂದಿನಲ್ಲಿ ನನಗೆ ಎಷ್ಟೋ ಸಲ ಹೇಳಿದ್ದಳು, ಎತ್ತಿನ ಹೆಸರು ಮಾತ್ರ ಮರೆತುಹೋಗಿತ್ತು. ಹೇಳದೆ ಉಳಿಸಿಕೊಂಡಿದ್ದನ್ನು ಅವತ್ತು ಹೇಳಿದಳು.

"ಕರೆಂಟ್ ಮೋಟ್ರು ಬಂತಲ್ಲಾ, ಅವಾಗ ಮಾರ್ಬುಟ್ರು. ಕೊನೇ ಸಲ ನೀರೆಳ್ದು ಕೆಳಗಡೆ ನಿಂತಿದ್ದ. ಅಲ್ಲೇ ನೊಗ ಬಿಚ್ಚಿ ಅಂಗೇ ವೊಡ್ಕೊಂಡ್ ವೋದ್ರು. ನಾನು ಕರೀಲೇ ಇಲ್ಲ ಕಣ್ಲಾ. ತಿರ್ ತಿರುಗಿ ನೋಡ್ತಿದ್ದ, ನಾನ್ ಕರೀತೀನಿ ಅಂತ."

ಸ್ಪೀಕರಿನ ಅದುರು ನಿಂತಿತು. ಹೆಜ್ಜೆಗಳು ಇಳಿಜಾರಿನ ಕೆಳತುದಿ ಮುಟ್ಟಿದ್ದವು. ಅತ್ತೆ ಮಂದಕಿವಿಯವರ ಗಟ್ಟಿ ದನಿಯಲ್ಲಿ, ಆದರೆ ಮಗುವನ್ನು ಕರೆಯುವಷ್ಟು ಮೆತ್ತಗೆ, "ಬಂದ್ಬುಡು ಕರಿಯಾ, ಬಂದ್ಬುಡು" ಎಂದಳು. ಕೂಡಲೇ ಸ್ಪೀಕರಿನಿಂದ ಕೈ ತೆಗೆದು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. ಏನೂ ಬರದೆ ಹೋದರೆ ಎಂಬ ಹೆದರಿಕೆ ಇರಬೇಕು.

ಪರದೆಯ ಮೇಲೆ ಗೆರೆ ತಿರುಗಿತು. ಅಷ್ಟು ದಿನ ಒಂದೇ ಕಡೆ ವಾಲುತ್ತಿದ್ದ ಗೆರೆ ಈಗ ಹಿಂದಕ್ಕೆ, ಮೂರು ಹೆಜ್ಜೆ ಗಟ್ಟಿಯಾಗಿ, ಒಂದು ಎಳೆದುಕೊಂಡು, ಮೇಲಕ್ಕೆ ಬರತೊಡಗಿತು. ಮೇಡಂ ಎದ್ದು ನಿಂತುಬಿಟ್ಟಿದ್ದರು.

"ಬಂದ್ನೇನ್ಲಾ?" ಎಂದಳು ಅತ್ತೆ, ಪರದೆಯ ಕಡೆ ನೋಡದೆ.

ಸೀರೆಯ ಅಂಚಿನ ಬಣ್ಣ ಕೇಳುತ್ತಿದ್ದ ನಾನು, "ಬರ್ತಾವ್ನೆ ಅತ್ತೆ" ಎಂದು ಅವಳ ಕೈ ಹಿಡಿದು ಸ್ಪೀಕರಿನ ಮೇಲೆ ಇಟ್ಟೆ. ಅವಳ ಕಣ್ಣೀರು ಅವರೆಕಾಯಿ ಸಿಪ್ಪೆಯ ಮೇಲೆ ಬೀಳುತ್ತಿತ್ತು. ನನಗೂ ತಡೆಯಲಾಗಲಿಲ್ಲ. ಹೆಜ್ಜೆಗಳು ಮೇಲಿನ ತುದಿ ತಲುಪಿ ನಿಂತವು. ಆಮೇಲೆ ಯಂತ್ರ ಬಿಚ್ಚುವ ತನಕ ಆ ಗೆರೆ ಮತ್ತೆ ಕಾಣಿಸಲಿಲ್ಲ.

ಮಧ್ಯಾಹ್ನ ಯಂತ್ರವನ್ನು ಜೀಪಿಗೆ ಏರಿಸುವಾಗ ಮೇಡಂ ಎಂದಿನಂತೆ ಕೇಳಿದರು. "ಏನು?"

"ಎತ್ತು, ಮೇಡಂ."

"ಯಾರದು?"

"ನಮ್ಮದು."

ಅವರು ಜೀಪಿನ ಬಾಗಿಲು ಮುಚ್ಚಿ, ಸರಿ, ಹಡಗಿಗೆ ಹೊರಡೋಣ ಎಂದರು.

ಆಮೇಲೆ ನಾನು ಹುಡುಕದ ಕಾರಣವಿಲ್ಲ. ಒಡೆದ ಪೈಪು, ದೂರದ ಪಂಪು, ಯಂತ್ರದ ದೋಷ, ಯಾವುದೂ ಆ ಕುಂಟು ಹೆಜ್ಜೆಗೆ ಹೊಂದಲಿಲ್ಲ. ಅತ್ತೆ ಈಗಿಲ್ಲ. ಯಂತ್ರ ಕಡಲಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅಲೆಯನ್ನು ಕೆಳಕ್ಕೆ ಕಳಿಸಿ, ಅದು ಹೈಡ್ರೇಟಿನ ಪದರ ಮುಟ್ಟಿ ತಿರುಗುವ ತನಕ ಹಡಗಿನಲ್ಲಿ ಯಾರೂ ಮಾತಾಡುವುದಿಲ್ಲ. ಆ ಕ್ಷಣದಲ್ಲಿ ನನ್ನ ತುಟಿ ತಾನಾಗಿ "ಬಂದ್ಬುಡು" ಎನ್ನುತ್ತದೆ. ಅಲೆ ಬರುತ್ತದೆ. ಅದು ಯಾಕೆ ಬರುತ್ತದೆ ಎಂದು ಯಾರು ಕೇಳಿದರೂ ವಿವರಿಸಬಲ್ಲೆ. ಕರಿಯ ಯಾಕೆ ಬಂದ ಎನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.